ಸೈಕಾಲಜಿ ಡಿಗ್ರಿ ರಿವ್ಯೂ: ಮನಸ್ಸು ಓದೋಕೆ ಅಂತ ಹೋದ್ರೆ ಕೈಗೆ ಬರೋದು ಸ್ಟ್ಯಾಟಿಸ್ಟಿಕ್ಸು

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 4. ಆ ಒಂದು ಸ್ಟಾರ್ ಯಾಕೆ ಹೋಯ್ತು ಅನ್ನೋದು ಕೆಳಗೆ ಬರತ್ತೆ. ತಾಳ್ಮೆ ಇದ್ದೋರು ಪೂರ್ತಿ ಓದಿ, ಇಲ್ದೋರು ಸ್ಟ್ಯಾಟ್ಸ್ ಬಗ್ಗೆ ಬರ್ದಿರೋದನ್ನಾದ್ರೂ ಓದ್ಕೊಳ್ಳಿ, ಯಾಕಂದ್ರೆ ಸೇರಿದ್ಮೇಲೆ ಅಳೋರೆಲ್ಲ ಅಳೋದು ಅಲ್ಲೇ.

ಈ ಡಿಗ್ರಿನ ಮಾರೋದು ಹೇಗೆ ಅಂದ್ರೆ "ಮನುಷ್ಯರನ್ನ ಅರ್ಥ ಮಾಡ್ಕೊಳ್ಳಿ, ನಿಮ್ಮನ್ನ ನೀವೇ ಅರ್ಥ ಮಾಡ್ಕೊಳ್ಳಿ" ಅಂತ. ಬ್ರೋಶರ್ ಮೇಲೆ ಒಂದು ತಲೆ, ತಲೆ ಒಳಗೆ ತಿರುಗ್ತಿರೋ ಗಿಯರ್‌ಗಳು, ಇಷ್ಟಿದ್ರೆ ಮುಗೀತು. ಒಳಗೆ ಹೋದ್ಮೇಲೆ ಬೇರೇನೇ ಕಥೆ. ಮನುಷ್ಯರ ಬಗ್ಗೆ ಯಾರೇ ಏನೇ ಹೇಳಿದ್ರೂ "ನಿಂಗ್ ಹೇಗ್ ಗೊತ್ತು, ಎಷ್ಟ್ ಜನರನ್ನ ನೋಡಿದೆ, ಹೇಗ್ ಅಳೆದೆ" ಅಂತ ಕೇಳೋ ಚಟ ಹತ್ತಿಸ್ತಾರೆ, ಅಸಲಿ ಸರಕು ಅದೇ. ಆ ಚಟ ನಿಮಗೆ ಇಷ್ಟ ಆದ್ರೆ ಕೋರ್ಸ್ ಇಷ್ಟ ಆಗತ್ತೆ, ಇಲ್ಲಾಂದ್ರೆ ಮೊದಲನೇ ಸೆಮಿಸ್ಟರ್‌ನಲ್ಲೇ "ಇದೇನ್ರೀ ಇದು, ಫ್ರಾಯ್ಡ್ ಎಲ್ಲಿ" ಅಂತ ಕೂತ್ಕೋತೀರ. ಫ್ರಾಯ್ಡ್ ಇದಾರೆ, ಹಿಸ್ಟರಿ ಪೇಪರ್‌ನಲ್ಲಿ ಒಂದ್ಸಲ ಪರ್ಸನಾಲಿಟಿ ಪೇಪರ್‌ನಲ್ಲಿ ಒಂದ್ಸಲ ಬಂದು ಹೋಗ್ತಾರೆ, ಹೆಚ್ಚಿನ ಕಡೆ ಅಷ್ಟೇ.

ಸೈಕಾಲಜಿ ಓದ್ತಿದೀನಿ ಅಂದ ತಕ್ಷಣ ಎಲ್ರೂ ಕೇಳೋದು "ಹಾಗಾದ್ರೆ ನಾನೀಗ ಏನ್ ಯೋಚ್ನೆ ಮಾಡ್ತಿದೀನಿ ಹೇಳು ನೋಡೋಣ". ಇದಕ್ಕೆ ಕೋರ್ಸಲ್ಲೇ ಒಂದು ಒಳ್ಳೇ ಉತ್ರ ಸಿಗತ್ತೆ. ಬರ್ಟ್ರಮ್ ಫೋರರ್ ಅಂತ ಒಬ್ಬ ಅಮೆರಿಕನ್ ಸೈಕಾಲಜಿಸ್ಟ್, ತನ್ನ ಕ್ಲಾಸಿನ ಸ್ಟೂಡೆಂಟ್ಸ್‌ಗೆ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ರಿಗೂ "ಇದು ನಿಮ್ಮ ರಿಸಲ್ಟ್" ಅಂತ ಒಂದೊಂದು ಹಾಳೆ ಹಂಚ್ದ, ನಿಮ್ಮ ಬಗ್ಗೆ ಎಷ್ಟು ಸರಿಯಾಗಿ ಹೇಳಿದೆ 5ಕ್ಕೆ ಮಾರ್ಕ್ಸ್ ಹಾಕಿ ಅಂದ, ಸರಾಸರಿ 4.26 ಬಂತು. ಎಲ್ರಿಗೂ ಕೊಟ್ಟಿದ್ದು ಒಂದೇ ಹಾಳೆ! ಅದ್ರಲ್ಲಿದ್ದ ಸಾಲುಗಳು ಅಂಗಡೀಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. 1949ರಲ್ಲಿ ಪಬ್ಲಿಷ್ ಆದ ಈ ಪ್ರಯೋಗ ಗೊತ್ತಾದ್ಮೇಲೆ "ನೀವು ಯಾವ ಥರದ ವ್ಯಕ್ತಿ" ಅನ್ನೋ ಆನ್‌ಲೈನ್ ಕ್ವಿಜ್ ಯಾವ್ದನ್ನೂ ಮೊದ್ಲಿನ ಥರ ಎಂಜಾಯ್ ಮಾಡೋಕಾಗಲ್ಲ, ಇದನ್ನ ಲಾಭ ಅಂತ ಬರ್ಕೊಳ್ಳೋದೋ ನಷ್ಟ ಅಂತ ಬರ್ಕೊಳ್ಳೋದೋ ನಿಮಗೆ ಬಿಟ್ಟಿದ್ದು.

ಮೊದಲನೇ ವರ್ಷದ ಹಿಸ್ಟರಿ ಪೇಪರ್ ಬೋರ್ ಅಂತಾರೆ ಎಲ್ರೂ, ನಂಗೇನೋ ಇಷ್ಟ ಆಯ್ತು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಅನ್ನೋರು ಸೈಕಾಲಜಿಗೇ ಅಂತ ಲ್ಯಾಬ್ ಶುರು ಮಾಡಿದ್ದು, 1913ರಲ್ಲಿ ವಾಟ್ಸನ್ ಅನ್ನೋ ಅಮೆರಿಕನ್ ಸೈಕಾಲಜಿಸ್ಟ್ ಬಂದು ಮನಸ್ಸು ಗಿನಸ್ಸು ಎಲ್ಲ ಬಿಡಿ ಕಣ್ಣಿಗೆ ಕಾಣೋ ನಡವಳಿಕೆ ಮಾತ್ರ ಅಳೆಯೋಣ ಅಂದಿದ್ದು, ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದಿದ್ದು ಗಂಟೆ ಶಬ್ದಕ್ಕೇ ನಾಯಿ ಜೊಲ್ಲು ಸುರಿಸೋ ಕಥೆಗಲ್ಲ ಜೀರ್ಣಕ್ರಿಯೆ ಮೇಲಿನ ಕೆಲಸಕ್ಕೆ ಅನ್ನೋದು, ಇವೆಲ್ಲ ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆಗಳು. ಆದ್ರೆ ಎಬ್ಬಿಂಗ್‌ಹೌಸ್ ಅಂತ ಒಬ್ರು ಇದಾರೆ, ಅವರ ಹಠ ನೋಡ್ಬೇಕು. ಮರೆವು ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳೋಕೆ ಅರ್ಥವೇ ಇಲ್ಲದ ಅಕ್ಷರಗುಚ್ಛಗಳ ದೊಡ್ಡ ದೊಡ್ಡ ಪಟ್ಟಿ ಮಾಡ್ಕೊಂಡು, ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ಮತ್ತೆ ಕಲಿಯೋಕೆ ಎಷ್ಟು ಹೊತ್ತು ಉಳೀತು ಅಂತ ತಾವೇ ಲೆಕ್ಕ ಇಟ್ಟು 1885ರಲ್ಲಿ ಪುಸ್ತಕ ಮಾಡಿದ್ರು. ಇಡೀ ಪ್ರಯೋಗಕ್ಕೆ ಪಾರ್ಟಿಸಿಪೆಂಟ್ ಒಬ್ರೇ, ಅವ್ರೇ. ಇವತ್ತು ಯಾರಾದ್ರೂ ಹಾಗ್ ಮಾಡಿದ್ರೆ ಗೈಡ್ ವಾಪಸ್ ಕಳಿಸ್ತಾರೆ, ಆದ್ರೆ ಅವರ ಮರೆವಿನ ಗ್ರಾಫ್‌ನ ಈಚೆಗೆ ಬೇರೆಯೋರು ಮತ್ತೆ ಮಾಡಿ ನೋಡಿದಾಗ್ಲೂ ಹೆಚ್ಚು ಕಮ್ಮಿ ಹಾಗೇ ಬಂದಿದೆ.

ಬಯಾಲಜಿ ಪೇಪರ್ ಬಗ್ಗೆ ಜಾಸ್ತಿ ಹೇಳಲ್ಲ. ನ್ಯೂರಾನು, ಆಕ್ಷನ್ ಪೊಟೆನ್ಶಿಯಲ್ಲು, ಯಾವ ಲೋಬ್ ಎಲ್ಲಿದೆ ಅಂತ ಡಯಾಗ್ರಾಮ್ ಬರೀಬೇಕು. ಸೈನ್ಸ್ ಬೇಡ ಅಂತ ಸೈಕಾಲಜಿಗೆ ಬಂದೋರಿಗೆ ಇಲ್ಲಿ ಕಷ್ಟ ಇದೆ, ಅಷ್ಟೇ.

ಪ್ರಾಕ್ಟಿಕಲ್ಸ್ ಮಾತ್ರ ಈ ಡಿಗ್ರಿಯ ಬೆಸ್ಟ್ ಪಾರ್ಟ್. ಅದ್ರಲ್ಲೂ ಮಿರರ್ ಡ್ರಾಯಿಂಗ್. ಒಂದು ಬೋರ್ಡು, ಅದರ ಮೇಲೆ ಜೋಡಿ ಗೆರೇಲಿ ಬರ್ದ ನಕ್ಷತ್ರ, ಎದುರಿಗೊಂದು ಕನ್ನಡಿ, ನಿಮ್ಮ ಕೈ ನಿಮಗೆ ನೇರವಾಗಿ ಕಾಣದ ಹಾಗೆ ಅಡ್ಡಕ್ಕೊಂದು ತಗಡು. ಕನ್ನಡೀನೇ ನೋಡ್ಕೊಂಡು ಆ ಎರಡು ಗೆರೆ ಮಧ್ಯದ ಸಣ್ಣ ದಾರೀಲಿ ಪೆನ್ಸಿಲ್ ಓಡಿಸ್ಬೇಕು, ಗೆರೆ ಮುಟ್ಟಿದ್ರೆ ಎರರ್. ಮಕ್ಕಳಾಟ ಅನ್ಸತ್ತೆ. ನೇರ ದಾರಿ ಹೇಗೋ ಸಾಗತ್ತೆ, ಮೊದಲನೇ ಮೂಲೆ ಬಂತು ನೋಡಿ, ಕೈ ನಿಂತೇ ಹೋಗತ್ತೆ, ನೀವು ಈ ಕಡೆ ಅಂತೀರ ಪೆನ್ಸಿಲ್ ಆ ಕಡೆ ಹೋಗತ್ತೆ, ಸರಿ ಮಾಡೋಕೆ ಹೋದಷ್ಟೂ ಅಲ್ಲೇ ಗೀಚ್ಕೊಂಡು ಒಂದು ಕಪ್ಪು ಮುದ್ದೆ, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡಿರೋ ಪಾರ್ಟ್‌ನರ್ ನಗು ತಡ್ಕೊಂಡು ಎರರ್ ಎಣಿಸ್ತಿರ್ತಾರೆ. ಆದ್ರೆ ಟ್ರಯಲ್ ಮೇಲೆ ಟ್ರಯಲ್ ಆಗ್ತಾ ಟೈಮ್ ಇಳಿಯತ್ತೆ, ಎರರೂ ಇಳಿಯತ್ತೆ. ಆಮೇಲೆ ಇನ್ನೊಂದು ಕೈಯಲ್ಲಿ ಮಾಡಿಸ್ತಾರೆ, ಅಭ್ಯಾಸವೇ ಇಲ್ಲದ ಆ ಕೈ ಕೂಡ ಮೊದಲಿಗಿಂತ ಚೆನ್ನಾಗಿ ಮಾಡತ್ತೆ. ಕಲಿತಿದ್ದು ಕೈ ಅಲ್ವಾ, ಹಾಗಾದ್ರೆ ಇನ್ನೊಂದು ಕೈಗೆ ಯಾರ್ ಹೇಳ್ಕೊಟ್ರು? ರಿಪೋರ್ಟ್‌ನಲ್ಲಿ ಡಿಸ್ಕಶನ್ ಬರಿಯೋಕೆ ಕೂತಾಗ ಈ ಪ್ರಶ್ನೆ ಬಿಡಲ್ಲ.

ಇದೇ ನಕ್ಷತ್ರ ಮೆಮರಿ ಪೇಪರ್‌ನಲ್ಲಿ ಮತ್ತೆ ಬರತ್ತೆ. ಹೆನ್ರಿ ಮೊಲೇಸನ್, ಬದುಕಿರೋವರೆಗೂ ಪುಸ್ತಕಗಳಲ್ಲಿ ಬರೀ ಎಚ್.ಎಂ. ಅಂತ ಇದ್ದೋರು. ಮೂರ್ಛೆ ರೋಗಕ್ಕೆ ಅಂತ 1953ರಲ್ಲಿ ಆಪರೇಶನ್ ಮಾಡಿ ಮೆದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ (ಹೊಸ ನೆನಪು ಕೂಡಿಡೋಕೆ ಬೇಕಾದ ಜಾಗ) ಅದರ ದೊಡ್ಡ ಭಾಗ ತೆಗೆದ್ರು, ಅಲ್ಲಿಂದ ಮುಂದೆ ಹೊಸ ನೆನಪು ನಿಲ್ತಾನೇ ಇರ್ಲಿಲ್ಲ, 2008ರಲ್ಲಿ ತೀರ್ಕೊಳ್ಳೋವರೆಗೂ ಹಾಗೇ. ಬ್ರೆಂಡಾ ಮಿಲ್ನರ್ ಅನ್ನೋ ಸೈಕಾಲಜಿಸ್ಟ್ ಈ ಎಚ್.ಎಂ. ಕೈಲಿ ಕನ್ನಡಿ ನಕ್ಷತ್ರ ಬರೆಸಿದ್ರು, ದಿನದಿಂದ ದಿನಕ್ಕೆ ಸುಧಾರಿಸ್ತಾ ಹೋಯ್ತು, ಆದ್ರೆ ಹಿಂದಿನ ದಿನ ಇದನ್ನ ಮಾಡಿದ್ದೇ ಅವ್ರಿಗೆ ನೆನಪಿಲ್ಲ! ಕೈಗೆ ಗೊತ್ತು, ಮನುಷ್ಯನಿಗೆ ಗೊತ್ತಿಲ್ಲ. ನೆನಪು ಅನ್ನೋದು ಒಂದೇ ಡಬ್ಬ ಅಲ್ಲ ಅಂತ ಪುಸ್ತಕದಲ್ಲಿ ಓದಿದ್ರೆ ಸರಿ ಅಂತ ಮುಂದಿನ ಪುಟಕ್ಕೆ ಹೋಗ್ತಿದ್ವಿ. ಅದೇ ಮೂಲೇಲಿ ಒದ್ದಾಡಿದ ಮೇಲೆ ಓದಿದ್ರೆ ಬೇರೆ ಥರ ನಾಟತ್ತೆ. ಲ್ಯಾಬ್ ಇಲ್ದೆ ಬರೀ ಥಿಯರಿ ಹೇಳೋ ಕಡೆ ಸೇರಲೇ ಬೇಡಿ ಅಂತ ನಾನು ಹೇಳೋದು ಇದಕ್ಕೇ.

ಈಗ ಸ್ಟ್ಯಾಟ್ಸ್. ಮೀನ್, ಸ್ಟ್ಯಾಂಡರ್ಡ್ ಡಿವಿಯೇಶನ್‌ನಿಂದ ಶುರುವಾಗಿ ಟಿ ಟೆಸ್ಟ್, ಕೋರಿಲೇಶನ್, ಅನೋವಾ, ರಿಗ್ರೆಶನ್ ಅನ್ನೋ ಡೇಟಾ ಹೋಲಿಸೋ ಲೆಕ್ಕಗಳ ತನಕ ಹೋಗತ್ತೆ. ಗಣಿತ ಅಷ್ಟೇನೂ ಕಷ್ಟ ಇಲ್ಲ, ಲೆಕ್ಕ ಎಲ್ಲ ಸಾಫ್ಟ್‌ವೇರ್ ಮಾಡತ್ತೆ. ಕಷ್ಟ ಇರೋದು ಆ ಲೆಕ್ಕ ಏನ್ ಹೇಳ್ತಿದೆ ಅಂತ ಅರ್ಥ ಮಾಡ್ಕೊಳ್ಳೋದ್ರಲ್ಲಿ. ಪಿ ವ್ಯಾಲ್ಯೂ ಇದ್ಯಲ್ಲ, ಅದು 0.05ಕ್ಕಿಂತ ಕಮ್ಮಿ ಬಂದ್ರೆ ಕ್ಲಾಸಲ್ಲಿ ಅರ್ಧ ಜನ "ನನ್ನ ಥಿಯರಿ 95 ಪರ್ಸೆಂಟ್ ನಿಜ" ಅಂತ ಬರೀತಾರೆ, ಶುದ್ಧ ತಪ್ಪು. ನಿಜಕ್ಕೂ ಏನೂ ವ್ಯತ್ಯಾಸ ಇಲ್ದೇ ಇದ್ದಿದ್ರೆ ಇಷ್ಟೋ ಇದಕ್ಕಿಂತ ದೊಡ್ಡದೋ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬರೋ ಸಾಧ್ಯತೆ ಎಷ್ಟು, ಅದು ಹೇಳೋದು ಅಷ್ಟೇ. ಈ ಒಂದು ವಾಕ್ಯ ತಲೆಗೆ ಇಳಿಯೋಕೆ ಒಂದು ವರ್ಷ ಬೇಕಾಗತ್ತೆ, ಕೆಲವು ಲೆಕ್ಚರರ್‌ಗಳಿಗೇ ಇಳಿದಿಲ್ಲ (ಹೆಸರು ಬೇಡ ಬಿಡಿ).

ಸ್ಟ್ಯಾಟ್ಸ್‌ನ ಕಥೆ ಥರ ಹೇಳಿದ್ರೆ ಎಷ್ಟ್ ಮಜಾ ಗೊತ್ತಾ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಒಂದು ಸತ್ತ ಸಾಲ್ಮನ್ ಮೀನನ್ನ ಬ್ರೇನ್ ಸ್ಕ್ಯಾನರ್ ಒಳಗಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರ್ಸಿ, ಈ ವ್ಯಕ್ತಿಗೆ ಏನ್ ಭಾವನೆ ಆಗ್ತಿರ್ಬಹುದು ಅಂತ "ಕೇಳಿದ್ರು". ಸ್ಕ್ಯಾನ್ ಚಿತ್ರದ ಸಾವಿರಾರು ಚುಕ್ಕಿಗಳಲ್ಲಿ ಒಂದೊಂದಕ್ಕೂ ಒಂದೊಂದು ಟೆಸ್ಟ್ ಮಾಡಿ, ಅಷ್ಟೊಂದು ಟೆಸ್ಟ್ ಮಾಡಿದೀವಿ ಅಂತ ಸರಿಪಡಿಸ್ಕೊಳ್ದೇ ಇದ್ರೆ, ಸತ್ತ ಮೀನಿನ ಮೆದುಳಲ್ಲೂ ಚಟುವಟಿಕೆ ಕಾಣಿಸ್ತು. ಇನ್ನೊಂದು, 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಅನ್ನೋ ಮೂವರು, ಎಲ್ರೂ ಮಾಡೋ ಸಣ್ಣ ಪುಟ್ಟ ಚಾಲಾಕಿಗಳನ್ನೇ ಮಾಡಿ ಒಂದು ಹಾಡು ಕೇಳಿದೋರ ವಯಸ್ಸೇ ಸುಮಾರು ಒಂದೂವರೆ ವರ್ಷ ಕಮ್ಮಿ ಆಯ್ತು ಅಂತ "ಸಾಬೀತು" ಮಾಡಿ ತೋರಿಸಿದ್ರು. ಮನಸ್ಸಿಗೆ ಅನಿಸೋ ವಯಸ್ಸಲ್ಲ, ಹುಟ್ಟಿದ ದಿನಾಂಕದ ಪ್ರಕಾರದ ವಯಸ್ಸು! ಡೇಟಾನ ಬೇಕಾದ ಹಾಗೆ ತಿರುಚೋಕೆ ಬಿಟ್ರೆ ಏನು ಬೇಕಾದ್ರೂ ಬರತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ತೋರಿಸೋಕಾಗಲ್ಲ. ಇಂಥವನ್ನ ಇಟ್ಕೊಂಡು ಪಾಠ ಮಾಡೋ ಮೇಷ್ಟ್ರು ಸಿಕ್ಕಿದ್ರೆ ನೀವು ಪುಣ್ಯವಂತರು. ಬಹಳ ಕಡೆ ಸಿಗೋದು ಫಾರ್ಮುಲಾ ಬೋರ್ಡ್ ಮೇಲೆ, ಮೆನು ಎಲ್ಲಿ ಕ್ಲಿಕ್ ಮಾಡ್ಬೇಕು ಅನ್ನೋ ಸ್ಕ್ರೀನ್‌ಶಾಟ್ ನೋಟ್ಸಲ್ಲಿ, ಮುಗೀತು.

ಆ ಒಂದು ಸ್ಟಾರ್ ಕಟ್ ಮಾಡಿದ್ದು ಹಳೇ ನೋಟ್ಸ್‌ಗೆ. 2015ರಲ್ಲಿ ಒಂದು ದೊಡ್ಡ ಕೆಲಸ ಆಯ್ತು, ಹೆಸರಾಂತ ಜರ್ನಲ್‌ಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನ ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದ್ವು. ಮೂಲದಲ್ಲಿ 97 ಪರ್ಸೆಂಟ್ ಅಧ್ಯಯನಗಳಲ್ಲಿ ಸಿಗ್ನಿಫಿಕೆಂಟ್ ರಿಸಲ್ಟ್ (ಅದೇ ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ) ಇತ್ತು, ಎರಡನೇ ಸಲಕ್ಕೆ 36 ಪರ್ಸೆಂಟ್. ಇಡೀ ವಿಷಯಕ್ಕೆ ಭೂಮಿ ನಡುಗಿದ್ದು ಇದು, ಆದ್ರೂ ನಮ್ಮ ಸೋಶಿಯಲ್ ಸೈಕಾಲಜಿ ಕ್ಲಾಸಲ್ಲಿ ಇದರ ಸುದ್ದಿನೇ ಇಲ್ಲ, ಎಷ್ಟೋ ವರ್ಷದ ಹಿಂದಿನ ಅದೇ ಹಾಳೆ ಅದೇ ಉದಾಹರಣೆ. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗನ ವೇದವಾಕ್ಯ ಅನ್ನೋ ಹಾಗೆ ಹೇಳಿದ್ರು: 1971ರಲ್ಲಿ ಕಾಲೇಜು ಹುಡುಗರನ್ನ ಕೈದಿಗಳು, ಕಾವಲುಗಾರರು ಅಂತ ಎರಡು ಗುಂಪು ಮಾಡಿ ನಾಟಕದ ಜೈಲಲ್ಲಿ ಬಿಟ್ರು, ಎರಡು ವಾರಕ್ಕೆ ಅಂತ ಶುರು ಮಾಡಿ ಆರೇ ದಿನಕ್ಕೆ ನಿಲ್ಲಿಸ್ಬೇಕಾಯ್ತು, ಅಧಿಕಾರ ಕೊಟ್ರೆ ಯಾರು ಬೇಕಾದ್ರೂ ಕ್ರೂರಿ ಆಗ್ತಾರೆ. ಕಾವಲುಗಾರರಿಗೆ ಹೇಗೆ ಗಟ್ಟಿಯಾಗಿ ನಡ್ಕೋಬೇಕು ಅಂತ ಮೊದ್ಲೇ ಹೇಳ್ಕೊಟ್ಟಿದ್ರು ಅನ್ನೋದು ಆಮೇಲೆ ಹಳೇ ದಾಖಲೆ, ರೆಕಾರ್ಡಿಂಗ್‌ಗಳಿಂದ ಹೊರಗೆ ಬಂದಿದೆ, ಅದರ ಬಗ್ಗೆ ಒಂದ್ ಮಾತೂ ಇಲ್ಲ. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಕಿಟ್ಟಿ ಜೆನೊವೀಸ್ ಅನ್ನೋ ಯುವತಿಯ ಕೊಲೆನ 38 ಜನ ಸುಮ್ನೆ ನೋಡ್ತಾ ನಿಂತಿದ್ರು ಅನ್ನೋದೂ ಅಷ್ಟೇ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಉಬ್ಬಿಸಿ ಬರ್ದಿದ್ದು ಅಂತ ಆ ಪತ್ರಿಕೆನೇ ಒಪ್ಕೊಂಡಿದೆ, ಪರೀಕ್ಷೇಲಿ ಮಾತ್ರ 38 ಅಂತ ಬರೀದಿದ್ರೆ ಮಾರ್ಕ್ಸ್ ಇಲ್ಲ.

ಮಿಲ್ಗ್ರಾಂ ಪ್ರಯೋಗ ಹೇಳೋವಾಗ್ಲೂ ಅರ್ಧಾನೇ ಹೇಳ್ತಾರೆ. ಉತ್ತರ ತಪ್ಪಿದಾಗೆಲ್ಲ ಪಕ್ಕದ ರೂಮಲ್ಲಿರೋನಿಗೆ ಕರೆಂಟ್ ಶಾಕ್ ಕೊಡಿ ಅಂತ ಜನಕ್ಕೆ ಆರ್ಡರ್ ಮಾಡಿ, ಎಲ್ಲಿ ತನಕ ಮಾತು ಕೇಳ್ತಾರೆ ಅಂತ ನೋಡಿದ್ದು ಅದು. 40 ಜನರಲ್ಲಿ 26 ಜನ 450 ವೋಲ್ಟ್ ತನಕ ಶಾಕ್ ಕೊಟ್ರು, 65 ಪರ್ಸೆಂಟ್, ನಿಜ. ಶಾಕ್ ಸುಳ್ಳು ಅನ್ನೋದು ಕೊಡ್ತಿದ್ದೋರಿಗೆ ಗೊತ್ತಿರ್ಲಿಲ್ಲ. ಆದ್ರೆ ಆತ ಇದನ್ನೇ ಎಷ್ಟೋ ಥರ ಬದಲಾಯಿಸಿ ಮಾಡಿದ, ಆರ್ಡರ್ ಕೊಡೋನು ರೂಮಲ್ಲಿ ಇರ್ದೆ ಫೋನಲ್ಲಿ ಹೇಳಿದಾಗ ಕೊನೇ ತನಕ ಹೋದೋರು ಐದರಲ್ಲಿ ಒಬ್ರಷ್ಟೇ. ನನ್ ಪ್ರಕಾರ ಕಲಿಯೋ ವಿಷ್ಯ ಇರೋದು ಅಲ್ಲೇ, ಯಾವ್ದು ಬದಲಾದ್ರೆ ಜನ ಇಲ್ಲ ಅಂತಾರೆ ಅನ್ನೋದ್ರಲ್ಲಿ. ಅದು ಬಿಟ್ಟು "ಮನುಷ್ಯ ಕೆಟ್ಟೋನು" ಅಂತ ಬರೆಸಿ ಮುಂದಿನ ಯೂನಿಟ್.

ಇನ್ನೊಂದು ಬೇಜಾರು, ಪುಸ್ತಕದಲ್ಲಿರೋ "ಮನುಷ್ಯ" ಯಾರು ಅಂತ ಬಹಳ ಜನ ಕೇಳೋದೇ ಇಲ್ಲ. ಹೆಚ್ಚಿನ ಪ್ರಯೋಗಗಳಲ್ಲಿ ಕೂತಿರೋದು ಪಾಶ್ಚಾತ್ಯ ಯೂನಿವರ್ಸಿಟಿಗಳ ಸೈಕಾಲಜಿ ಸ್ಟೂಡೆಂಟ್ಸೇ, ಅದೂ ಕೋರ್ಸ್ ಕ್ರೆಡಿಟ್‌ಗೋಸ್ಕರ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತೆ ಇನ್ನಿಬ್ರು ಇದನ್ನ ಎತ್ತಿ ತೋರಿಸಿ, ಇವರನ್ನ ಇಡೀ ಮನುಕುಲಕ್ಕೆ ಪ್ರತಿನಿಧಿ ಅನ್ಬೇಡಿ ಅಂದ್ರು. ಬಾಣದ ತುದಿ ಒಳಗೆ ಹೊರಗೆ ತಿರುಗಿರೋ ಎರಡು ಸಮ ಗೆರೆ ಉದ್ದ ಗಿಡ್ಡ ಕಾಣತ್ತಲ್ಲ, ಮುಲ್ಲರ್-ಲೈಯರ್ ಭ್ರಮೆ, ಅದು ಕೂಡ ಎಲ್ರಿಗೂ ಒಂದೇ ಥರ ಕಾಣಲ್ಲ, ಕಾಲಹರಿ ಮರುಭೂಮಿಯ ಸಾನ್ ಜನಕ್ಕೆ ಅದು ಹೆಚ್ಚು ಕಮ್ಮಿ ಆಗೋದೇ ಇಲ್ಲ. ಕಣ್ಣಿನ ವಿಷ್ಯದಲ್ಲೇ ಹೀಗಾದ್ರೆ ಸ್ನೇಹ, ನಾಚಿಕೆ, ಸಿಟ್ಟು ಇವುಗಳ ಬಗ್ಗೆ ಪುಸ್ತಕ ಹೇಳೋದನ್ನ ಎಷ್ಟು ನಂಬೋದು?

ಅಬ್ನಾರ್ಮಲ್ ಸೈಕಾಲಜಿ. ಎಲ್ರೂ ಕಾಯೋದು ಈ ಪೇಪರ್‌ಗೆ, ಕ್ಲಾಸ್ ಫುಲ್ ಆಗೋದು ಇದೊಂದಕ್ಕೇ. ಡಿಎಸ್‌ಎಂ-5 (ಮನೋರೋಗಗಳನ್ನ ಗುರುತಿಸೋಕೆ ಅಮೆರಿಕದ ಸೈಕಿಯಾಟ್ರಿಸ್ಟ್‌ಗಳ ಸಂಘ ಮಾಡಿರೋ ಕೈಪಿಡಿ) ತೆಗೆದು ಲಕ್ಷಣಗಳ ಪಟ್ಟಿ ಓದೋಕೆ ಶುರು ಮಾಡಿದ ವಾರದಲ್ಲೇ ಕ್ಲಾಸಲ್ಲಿ ಒಬ್ರಿಗೆ ಎಡಿಎಚ್‌ಡಿ, ಇನ್ನೊಬ್ರಿಗೆ ಬೈಪೋಲಾರು, ರೂಮ್‌ಮೇಟ್ ನಾರ್ಸಿಸಿಸ್ಟು, ಬಿಟ್ಟೋದ ಬಾಯ್‌ಫ್ರೆಂಡ್ ಅಂತೂ ಗ್ಯಾರಂಟಿ ಸೈಕೋಪಾತು. ಒಳ್ಳೇ ಟೀಚರ್ ಇದ್ರೆ ಮೊದಲನೇ ದಿನಾನೇ ಹೇಳ್ತಾರೆ, ಪಟ್ಟೀಲಿ ಟಿಕ್ ಹಾಕಿದ್ರೆ ಸಾಲಲ್ಲ, ಎಷ್ಟು ಕಾಲದಿಂದ ಇದೆ, ಬದುಕಿಗೆ ಎಷ್ಟು ತೊಂದ್ರೆ ಕೊಡ್ತಿದೆ, ಬೇರೆ ಕಾರಣ ಇದ್ಯಾ ಅಂತೆಲ್ಲ ನೋಡ್ಬೇಕು ಅಂತ. ಆ ಪಟ್ಟಿ ಕೂಡ ಕಲ್ಲಿನ ಮೇಲೆ ಬರ್ದಿದ್ದಲ್ಲ, ಸಲಿಂಗಕಾಮವನ್ನ ಅಮೆರಿಕದ ಸೈಕಿಯಾಟ್ರಿಸ್ಟ್‌ಗಳ ಸಂಘ ರೋಗ ಅಂತಲೇ ಇಟ್ಕೊಂಡಿತ್ತು, 1973ರಲ್ಲಿ ತೆಗೀತು.

ಸೀರಿಯಸ್ ಆಗಿ ಒಂದು ಮಾತು. ತಮ್ಮ ಮನಸ್ಸಿನ ಕಷ್ಟಕ್ಕೆ ಪರಿಹಾರ ಸಿಗತ್ತೆ ಅಂತ ಈ ಕೋರ್ಸ್ ಸೇರೋರು ತುಂಬ ಜನ ಇದಾರೆ, ಹೇಳ್ಕೊಳ್ಳಲ್ಲ ಅಷ್ಟೇ. ಡಿಗ್ರಿ ಥೆರಪಿ ಅಲ್ಲ. ನಿಮಗೆ ಆಗ್ತಿರೋದನ್ನೇ ಹತ್ತು ಮಾರ್ಕಿನ ಪ್ರಶ್ನೆ ಮಾಡಿ ಬರೆಸ್ತಾರೆ, ಅದು ಕೆಲವು ಸಲ ಇನ್ನೂ ಹಿಂಸೆ ಆಗತ್ತೆ. ಕಷ್ಟ ಇದ್ರೆ ಕೌನ್ಸಿಲರ್ ಹತ್ರ ಹೋಗಿ, ಓದೋದು ಓದೋ ಥರ ಓದಿ, ಎರಡೂ ಒಟ್ಟಿಗೆ ನಡೀಬಹುದು.

ಕೊನೇ ವರ್ಷದ ಪ್ರಾಜೆಕ್ಟು. ಕ್ಲಾಸಲ್ಲಿ ಎಲ್ರ ಟಾಪಿಕ್ಕೂ ಒಂದೇ, ಸೋಶಿಯಲ್ ಮೀಡಿಯಾ ಬಳಕೆಗೂ ಸೆಲ್ಫ್ ಎಸ್ಟೀಮ್‌ಗೂ ಇರೋ ಸಂಬಂಧ. ಎಥಿಕ್ಸ್ ಫಾರ್ಮ್, ಕನ್ಸೆಂಟ್ ಫಾರ್ಮ್ ಆದ್ಮೇಲೆ ಶುರುವಾಗತ್ತೆ ಪಾರ್ಟಿಸಿಪೆಂಟ್ಸ್‌ಗೆ ಬೇಟೆ, ಎಲ್ಲ ವಾಟ್ಸಾಪ್ ಗ್ರೂಪಲ್ಲೂ "ಪ್ಲೀಸ್ 5 ನಿಮಿಷ ಅಷ್ಟೇ ಫಾರ್ಮ್ ಫಿಲ್ ಮಾಡಿ, ನಿಮ್ದು ನಾನ್ ಮಾಡ್ತೀನಿ". ಹೀಗೆ ನಾವು ನಾವೇ ಒಬ್ಬರದ್ದೊಬ್ರು ತುಂಬಿದ್ದು. ರೆಸ್ಪಾನ್ಸ್ ಶೀಟ್ ತೆಗೆದು ನೋಡಿದ್ರೆ ಒಬ್ಬ ಮಹಾನುಭಾವ ಎಲ್ಲ ಪ್ರಶ್ನೆಗೂ 3 ಅಂತ ಒತ್ಕೊಂಡು ಹೋಗಿದಾನೆ, "ನನ್ನಲ್ಲಿ ನನಗೆ ವಿಶ್ವಾಸ ಇದೆ" ಅನ್ನೋದಕ್ಕೂ 3, ಅದರ ಉಲ್ಟಾ ಪ್ರಶ್ನೆಗೂ 3. ಪುಸ್ತಕದ ಗ್ರಾಫ್‌ಗಳ ಹಿಂದೆ ಇಂಥೋರು ಎಷ್ಟ್ ಜನ ಇದಾರೋ ಅಂತ ಆವತ್ತು ಅನಿಸ್ತು. ರಿಸಲ್ಟ್ ಸಿಗ್ನಿಫಿಕೆಂಟ್ ಬರ್ಲಿಲ್ಲ ಅಂದ್ರೆ ಫೇಲ್ ಅಂತ ಹೆದರಿಸ್ತಾರೆ ಸೀನಿಯರ್ಸ್, ಸುಳ್ಳು, ಸಂಬಂಧ ಕಾಣಿಸ್ಲಿಲ್ಲ ಅಂತ ನೆಟ್ಟಗೆ ಬರೆದು ಯಾಕಿರಬಹುದು ಅಂತ ಚರ್ಚೆ ಮಾಡಿದೋರಿಗೆ ಒಳ್ಳೇ ಮಾರ್ಕ್ಸೇ ಬರತ್ತೆ.

ಓದೋ ರೀತಿ ಬಗ್ಗೆ ಒಂದು ತಮಾಷೆ. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಇಬ್ರು ಸೈಕಾಲಜಿಸ್ಟ್‌ಗಳು ತೋರಿಸಿದ್ದು, ಒಂದೇ ಪಾಠನ ಮತ್ತೆ ಮತ್ತೆ ಓದಿದೋರು ಐದು ನಿಮಿಷ ಆದ್ಮೇಲೆ ಕೇಳಿದ್ರೆ ಮುಂದೆ, ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದೋರು ಒಂದು ವಾರ ಬಿಟ್ಟು ಕೇಳಿದ್ರೆ ಮುಂದೆ. ಈ ಪಾಠನ ಹಳದಿ ಹೈಲೈಟರ್ ಹಾಕ್ಕೊಂಡು ಮತ್ತೆ ಮತ್ತೆ ಓದಿ ಪರೀಕ್ಷೆ ಬರೀತೀವಿ ನಾವು.

ಕೆಲಸದ ವಿಷ್ಯ. ಬರೀ ಬ್ಯಾಚುಲರ್ಸ್ ಮುಗಿಸಿ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲ್ಲ, ಮುಂದೆ ಓದ್ಬೇಕು, ಯಾರಾದ್ರೂ ಅನುಭವಿಗಳ ಕೆಳಗೆ ಟ್ರೈನಿಂಗ್ ಆಗ್ಬೇಕು, ಆಮೇಲೆ ಲೈಸೆನ್ಸೋ ರಿಜಿಸ್ಟ್ರೇಶನ್ನೋ. ಈ ಡಿಗ್ರಿ ಒಂದೇ ಇಟ್ಕೊಂಡು ಕೌನ್ಸಿಲಿಂಗ್ ಬೋರ್ಡ್ ಹಾಕೋದು ಈಜೋ ಪುಸ್ತಕ ಓದ್ಕೊಂಡು ಬಾವಿಗೆ ಹಾರಿದ ಹಾಗೆ, ವ್ಯತ್ಯಾಸ ಏನಂದ್ರೆ ಇಲ್ಲಿ ಮುಳುಗೋದು ಬೇರೆಯೋರು. ಮಾತ್ರೆ ಬರ್ಕೊಡ್ಬೇಕು ಅನ್ನೋ ಆಸೆ ಇದ್ರೆ ಅದು ಸೈಕಿಯಾಟ್ರಿ, ಮೆಡಿಕಲ್ ಕಡೆಯಿಂದ ಬರಬೇಕು, ಎಷ್ಟೋ ಜನಕ್ಕೆ ಇದು ಗೊತ್ತಾಗೋದು ಫೀಸ್ ಕಟ್ಟಿದ್ಮೇಲೆ. ಮುಂದೆ ಓದೋಕೆ ಆಗ್ದೇ ಇದ್ರೆ ಎಚ್‌ಆರ್, ಮಾರ್ಕೆಟ್ ರಿಸರ್ಚ್, ಯೂಸರ್ ರಿಸರ್ಚ್, ಎನ್‌ಜಿಒ ಕೆಲಸ ಇವೆ, ಅಲ್ಲೆಲ್ಲ ಕೇಳೋದು ನೀವು ಬೈದ್ಕೊಂಡು ಕಲಿತ ಅದೇ ಸರ್ವೇ ಡಿಸೈನು, ಡೇಟಾ ಅನಾಲಿಸಿಸ್ಸು.

ಸೇರೋಕೆ ಮುಂಚೆ ಸಿಲಬಸ್ ಡೌನ್‌ಲೋಡ್ ಮಾಡಿ ಎರಡು ನೋಡಿ. ಲ್ಯಾಬ್ ಪ್ರತಿ ವರ್ಷ ಇದ್ಯಾ, ಸ್ಟ್ಯಾಟ್ಸ್ ಒಂದೇ ಪೇಪರ್‌ಗೆ ಮುಗಿಸ್ತಾರಾ ಅಥವಾ ಕೊನೇ ತನಕ ಬರತ್ತಾ. ಆಗಲೇ ಓದ್ತಿರೋ ಒಬ್ರನ್ನ ಹಿಡ್ಕೊಂಡು ಸ್ಟ್ಯಾನ್‌ಫರ್ಡ್ ಪ್ರಯೋಗ ಹೇಗ್ ಹೇಳ್ಕೊಟ್ರು ಅಂತ ಕೇಳಿ, ಆ ಡಿಪಾರ್ಟ್‌ಮೆಂಟ್ ನೋಟ್ಸ್ ಎಷ್ಟು ಹಳೇದು ಅಂತ ಅಲ್ಲೇ ಗೊತ್ತಾಗತ್ತೆ. ಲ್ಯಾಪ್‌ಟಾಪ್ ಯಾವ್ದು ತಗೊಳ್ಳಿ ಅಂತ ಕೇಳೋರಿಗೆ, ಯಾವ್ದಾದ್ರೂ ನಡಿಯತ್ತೆ, ಎಸ್‌ಪಿಎಸ್‌ಎಸ್ ಅನ್ನೋ ಸ್ಟ್ಯಾಟ್ಸ್ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯೋಕೆ ಹೋಗ್ಬೇಡಿ, ಕಾಲೇಜಲ್ಲಿ ಇರತ್ತೆ, ಮನೇಲಿ ಜಾಮೊವಿನೋ ಜಾಸ್ಪೋ ಹಾಕ್ಕೊಳ್ಳಿ, ಎರಡೂ ಫ್ರೀ, ಡಿಗ್ರಿಗೆ ಬೇಕಾದ ಟೆಸ್ಟ್ ಎಲ್ಲ ಅದ್ರಲ್ಲೇ ಆಗತ್ತೆ.